ಲಿನಕ್ಸ್ ಲ್ಯಾಪ್‌ಟಾಪ್‌ಗೆ ವೈಫೈ ಸಿಗ್ತಿಲ್ವಾ? ಮೊದಲು ಇದನ್ನು ನೋಡಿ

ಮಡಿಕೇರಿಯಲ್ಲಿ ಮಳೆ ಹಿಡಿದರೆ ನೆಟ್ ಹೋಗುವುದು ಮಾಮೂಲು. ಮೊನ್ನೆ ಲ್ಯಾಪ್‌ಟಾಪ್‌ಗೆ ವೈಫೈ ಸಿಗದಿದ್ದಾಗಲೂ ಮಳೆಯದೇ ಕಾಟ ಅಂದುಕೊಂಡೆ. ಆದರೆ ಫೋನಿಗೆ ಅದೇ ವೈಫೈ ಚೆನ್ನಾಗಿ ಬರ್ತಿತ್ತು. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೋ) ತೆರೆದು, ವೈಫೈ, ಬ್ಲೂಟೂತ್ ಬ್ಲಾಕ್ ಆಗಿವೆಯಾ ಅಂತ ತೋರಿಸುವ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕಮಾಂಡ್ ಕೊಟ್ಟೆ. ವೈರ್‌ಲೆಸ್ ಲ್ಯಾನ್ (ಅಂದರೆ ವೈಫೈ) ಕೆಳಗೆ ‘ಸಾಫ್ಟ್ ಬ್ಲಾಕ್ಡ್: ಯೆಸ್’ ಅಂತಿತ್ತು, ಅಂದರೆ ಸಾಫ್ಟ್‌ವೇರ್‌ನಿಂದಲೇ ವೈಫೈ ಆಫ್ ಆಗಿತ್ತು. ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ (sudo rfkill unblock wifi) ಕೊಟ್ಟ ಕೂಡಲೇ ಸರಿಹೋಯಿತು. ‘ಹಾರ್ಡ್ ಬ್ಲಾಕ್ಡ್: ಯೆಸ್’ ಇದ್ದರೆ ಈ ಕಮಾಂಡ್‌ನಿಂದ ಆಗಲ್ಲ. ಲ್ಯಾಪ್‌ಟಾಪ್ ಅಂಚಿನಲ್ಲಿ ಅಥವಾ ಕೀಬೋರ್ಡ್‌ನಲ್ಲಿ ವೈಫೈ ಸ್ವಿಚ್ ಇದೆಯಾ ನೋಡಿ.

ಆ ಪಟ್ಟಿಯಲ್ಲಿ ವೈಫೈ ಕಾರ್ಡೇ ಕಾಣದಿದ್ದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಅಥವಾ ಫರ್ಮ್‌ವೇರ್, ಇಲ್ಲದಿರುವ ಸಾಧ್ಯತೆ ಜಾಸ್ತಿ. ಅದಕ್ಕಾಗಿ ಸುಮ್ನೆ ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಆದರೆ ಡ್ರೈವರ್ ಇಳಿಸಲು ನೆಟ್ ಬೇಕಲ್ವಾ? ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಹಂಚಿಕೊಳ್ಳುವುದು) ಆನ್ ಮಾಡಿ. ಸಾಮಾನ್ಯವಾಗಿ ಅಷ್ಟರಿಂದಲೇ ಲ್ಯಾಪ್‌ಟಾಪ್‌ಗೆ ನೆಟ್ ಬರುತ್ತದೆ.