ಬಾಕಿ ಚಿಲ್ಲರೆ ಮತ್ತು ಪಾರ್ಟ್ 2

ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ವಿಡಿಯೋ ಗೇಮಿನಲ್ಲಿ ಯಾರದೋ ಮನೆ ಜಾಲಾಡಬೇಕಾದರೆ ನಾವು ಆಡಿಸುವ ಆರ್ಥರ್ ಮಾರ್ಗನ್ ಒಂದೊಂದೇ ಡ್ರಾಯರ್ ಎಳೆಯುತ್ತಾನೆ, ಕೈ ಹಾಕುತ್ತಾನೆ, ಸಿಕ್ಕ ಡಬ್ಬಿಯನ್ನು ಎತ್ತಿ ಚೀಲಕ್ಕೆ ಸೇರಿಸುತ್ತಾನೆ. ಬೇಟೆಯಾಡಿದ ಜಿಂಕೆಯ ಚರ್ಮ ಸುಲಿಯುವುದನ್ನು ಕೂತು ನೋಡಬೇಕು. ಗಡ್ಡ ಬೆಳೆಯುತ್ತದೆ. ಬಂದೂಕು ಒರೆಸಿ ಎಣ್ಣೆ ಹಾಕದಿದ್ದರೆ ಅದರ ದಮ್ಮು ಇಳಿಯುತ್ತದೆ. ಸರಿಯಾಗಿ ಉಣ್ಣದಿದ್ದರೆ ಆಸಾಮಿ ಸೊರಗುತ್ತಾನೆ. ಚಳಿಗೆ ಕುದುರೆಯ ವೃಷಣ ಕುಗ್ಗುವುದನ್ನೂ ಬಿಟ್ಟಿಲ್ಲ ಪುಣ್ಯಾತ್ಮರು. 2018ರಲ್ಲಿ ಆಟ ಬಂದಾಗ ಊರೆಲ್ಲ ಇದನ್ನೇ ಹಾಡಿ ಹೊಗಳಿತು. ಅದರ ಕೆಲಸದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದ ಪಾಲೂ ಇದೆ, ಹಾಗಾಗಿ ನಮ್ಮ ಕಡೆ ಹೊಗಳಿಕೆ ಇನ್ನೂ ಒಂದು ಕೈ ಮೇಲೆ. ನನಗೂ ಆ ಆಟ ಪ್ರಾಣ. ಆದರೆ ಈ ಯಾವ ಕಾರಣಕ್ಕೂ ಅಲ್ಲ.

ನನಗೆ ಹಿಡಿಸಿದ್ದು ಬೇರೆ ಒಂದು ಜಾಗ. (ಇನ್ನೂ ಆಡದವರು ಈ ಪ್ಯಾರಾ ಹಾರಿಸಿಬಿಡಿ.) ತನ್ನ ದರೋಡೆ ಗ್ಯಾಂಗಿನ ಬಡ್ಡಿ ವ್ಯವಹಾರದ ಸಾಲ ವಸೂಲಿಗೆ ಆರ್ಥರ್ ಒಬ್ಬ ಬಡಪಾಯಿಯ ಮನೆಗೆ ಹೋಗುತ್ತಾನೆ. ಥಾಮಸ್ ಡೌನ್ಸ್ ಅಂತ ಹೆಸರು, ಕಾಯಿಲೆ ಬಿದ್ದ ಮನುಷ್ಯ. ಅವನಿಗೆ ಹೊಡೆಯುವ ಬಟನ್ ಒತ್ತುವವರು ನಾವೇ. ಹೊಡೆತ ತಿನ್ನುತ್ತಲೇ ಅವನು ಕೆಮ್ಮುತ್ತಾನೆ, ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಅಷ್ಟೇ. ಆಟ ಮುಂದೆ ಹೋಗುತ್ತದೆ, ನಾವು ಮರೆತೂಬಿಡುತ್ತೇವೆ. ಹತ್ತಾರು ಗಂಟೆ ಕಳೆದ ಮೇಲೆ ಆರ್ಥರನಿಗೆ ಕೆಮ್ಮು ಹತ್ತುತ್ತದೆ. ಸೇಂಟ್ ಡೆನಿಸ್ ಊರಿನ ಡಾಕ್ಟರು ಕ್ಷಯ ಅನ್ನುತ್ತಾರೆ. ಅಲ್ಲಿಂದಾಚೆ ಅವನ ಮೈ ಇಳಿಯುತ್ತದೆ, ಮೊದಲಿನ ತ್ರಾಣ ಉಳಿಯುವುದಿಲ್ಲ. ನನ್ನ ಹೆಬ್ಬೆರಳು ಮಾಡಿದ ಕೆಲಸ ಸುತ್ತಿ ಬಳಸಿ ನನ್ನ ಹೆಬ್ಬೆರಳಿಗೇ ವಾಪಸ್ ಬಂತು. ಆಟದಲ್ಲಿ ರಿಯಲಿಸಂ ಅಂದರೆ ನನ್ನ ಮಟ್ಟಿಗೆ ಇದು. ಕುದುರೆಯ ಅಂಗಾಂಗ ಆಮೇಲಿನ ಮಾತು.

ಇದನ್ನೇ ತಲೆಯಲ್ಲಿಟ್ಟುಕೊಂಡು ನಾವೂ ಒಂದು ಸಣ್ಣ ಆಟ ಮಾಡಿದೆವು. ನಾವು ಅಂದರೆ ಇಬ್ಬರೇ: ಬರವಣಿಗೆ ನನ್ನದು, ಕೋಡಿಂಗು ಮತ್ತು ಚಿತ್ರ ಗೆಳೆಯನದು. ಹೊಟ್ಟೆಪಾಡಿಗೆ ಇಬ್ಬರಿಗೂ ಬೇರೆ ನೌಕರಿ. ಆಟದಲ್ಲಿ ನೀವು ಕಂಡಕ್ಟರು. ಅರಸೀಕೆರೆಯಿಂದ ಬಾಣಾವರದ ಮೇಲೆ ಕಡೂರಿಗೆ ಹೋಗುವ ಲಾಸ್ಟ್ ಬಸ್ಸು, ಕಾಲ 2019. ಒಂದು ಟ್ರಿಪ್ಪು ಮುಗಿದರೆ ಆಟವೂ ಮುಗಿಯಿತು. ಪರದೆಯ ಕೆಳಗರ್ಧ ನಿಮ್ಮ ಕೈಯ ಲೋಕ: ಟಿಕೆಟ್ ಮಷೀನು, ಚರ್ಮದ ಬ್ಯಾಗು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿ ಸಿಕ್ಕಿಸಿದ ನೋಟುಗಳು. ಮೇಲರ್ಧದಲ್ಲಿ ಬಸ್ಸಿನ ಜನ, ಅವರ ಹರಟೆ. ನೀವು ಚಿಲ್ಲರೆ ತಡಕಾಡುವಾಗ ಅವರ ಮಾತು ನಿಮಗಾಗಿ ಕಾಯುವುದಿಲ್ಲ. ಕೇಳಿಸಿಕೊಳ್ಳಬೇಕಾದರೆ ಕೈ ನಿಲ್ಲಿಸಬೇಕು. ಕೈ ನಿಂತರೆ ಮುಂದಿನ ಸ್ಟಾಪು ಬಂದುಬಿಡುತ್ತದೆ, ಟಿಕೆಟ್ ಆಗದವರು ಹಾಗೇ ಉಳಿಯುತ್ತಾರೆ.

ಕೈಗೊಂದು ಕೆಲಸ, ಕಿವಿಗೊಂದು ಕತೆ ಅನ್ನುವ ಈ ಉಪಾಯ ನನ್ನ ಸ್ವಂತದ್ದೇನಲ್ಲ. 2017ರಲ್ಲಿ ಬಂದ ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ ಆಟದಲ್ಲಿ ಲೂಯಿಸ್ ಎಂಬ ಹುಡುಗ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಆಟ ಆಡಿಸುವ ಕಂಟ್ರೋಲರಿನ ಬಲಗಡೆಯ ಸ್ಟಿಕ್ಕಿನಿಂದ ಮೀನು ಹಿಡಿದು, ಬ್ಲೇಡಿಗೆ ಕೊಟ್ಟು ತಲೆ ಕತ್ತರಿಸಿ, ಆಚೆಯ ಬೆಲ್ಟಿಗೆ ಎಸೆಯಬೇಕು. ಎಡಗಡೆಯ ಸ್ಟಿಕ್ಕಿನಿಂದ ಅವನ ಹಗಲುಗನಸಿನ ರಾಜ್ಯದಲ್ಲಿ ಓಡಾಡಬೇಕು. ಮೊದಲು ಒಂದು ಮೂಲೆಯಲ್ಲಿ ಚಿಕ್ಕದಾಗಿ ಶುರುವಾಗುವ ಕನಸು ಬರಬರುತ್ತಾ ಪರದೆಯನ್ನೆಲ್ಲ ನುಂಗುತ್ತದೆ. ಮೀನು ಕಣ್ಣಿಗೆ ಬೀಳುವುದೇ ಅಪರೂಪವಾದರೂ ಬಲಗೈ ಅದರ ಪಾಡಿಗೆ ಕತ್ತರಿಸುತ್ತಲೇ ಇರುತ್ತದೆ. ಹುಡುಗನಿಗೆ ಕೆಲಸದ ಮೇಲೆ ಮನಸ್ಸಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಮ್ಮ ಕೈಗೇ ಅದು ಗೊತ್ತಾಗಿರುತ್ತದೆ. ಸಿನಿಮಾ ಇದನ್ನು ತೋರಿಸಬಹುದು, ಕಾದಂಬರಿ ವರ್ಣಿಸಬಹುದು. ನೋಡುವವನ ಬಲಗೈಗೆ ಆ ಅಭ್ಯಾಸ ಹಿಡಿಸುವುದು ಆಟಕ್ಕೆ ಮಾತ್ರ ಸಾಧ್ಯ.

ನಮ್ಮ ಸೋದರಮಾವ ಕಂಡಕ್ಟರ್ ಆಗಿ ರಿಟೈರ್ ಆದವರು. ಆಟದ ಮೊದಲ ರೂಪ ಒಂದು ಹದಕ್ಕೆ ಬಂದ ಮೇಲೆ ಅವರ ಕೈಗೆ ಫೋನು ಕೊಟ್ಟೆ. ಕನ್ನಡಕ ಹಣೆಗೇರಿಸಿಕೊಂಡು ಎರಡು ಸ್ಟಾಪು ಆಡಿದರು.

"ಚಿಲ್ಲರೆ ಇಲ್ಲ ಅಂದ್ರೆ ಇದ್ರಲ್ಲಿ ಏನ್ ಮಾಡ್ತಾರೋ?"

"ಚಿಲ್ಲರೆ ಯಾವಾಗ್ಲೂ ಇರುತ್ತೆ ಮಾವ. ಬೇಗ ಹುಡುಕಿ ಕೊಡ್ಬೇಕು ಅಷ್ಟೇ."

"ಹಂಗಾದ್ರೆ ಇದು ಬ್ಯಾಂಕು ಕಣೋ. ಬಸ್ಸಲ್ಲ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲೇ ಎಲ್ಲರೂ ದೊಡ್ಡ ನೋಟು ಚಾಚುತ್ತಾರೆ. ಆಗ ಬಾಕಿ ಎಷ್ಟು ಅಂತ ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಗೀಚಿ, ಸುತ್ತ ಒಂದು ಸೊನ್ನೆ ಎಳೆದು ಕೊಡುವುದು. ಇಳಿಯುವಾಗ ಕೇಳಿ ಇಸಿದುಕೊಳ್ಳಬೇಕು. ಕೇಳದೆ ಇಳಿದರೆ? "ಬ್ಯಾಗಲ್ಲೇ ಉಳೀತದೆ. ಆ ಟೈಮಿಗೆ ಚೆಕಿಂಗ್‌ನೋರು ಹತ್ತಿದ್ರೋ, ಮುಗೀತು ಕತೆ. ಕಮ್ಮಿ ಇದ್ರೂ ಕೇಸು, ಜಾಸ್ತಿ ಇದ್ರೂ ಕೇಸು."

ನನಗೆ ಬೇಕಾಗಿದ್ದ ಕತೆ ಇಲ್ಲೇ ಇತ್ತು. ಅರಸೀಕೆರೆಯಲ್ಲಿ ಒಬ್ಬ ಅಜ್ಜ ಹತ್ತುತ್ತಾನೆ, ಬಾಣಾವರದ ಟಿಕೆಟ್ಟಿಗೆ ಐನೂರರ ನೋಟು ಕೊಡುತ್ತಾನೆ. ನೀವು ಟಿಕೆಟ್ಟಿನ ಹಿಂದೆ ಬಾಕಿ ಬರೆಯುತ್ತೀರಿ. ಅಜ್ಜ ಪಕ್ಕದವನ ಹತ್ತಿರ ಮಾತಿಗೆ ಕೂರುತ್ತಾನೆ: ಹೆಂಡತಿ ಹಾಸನದಲ್ಲಿ ಆಸ್ಪತ್ರೆಯಲ್ಲಿದ್ದಾಳೆ, ಬೆಳಿಗ್ಗೆ ಮತ್ತೆ ಹೋಗಬೇಕು, ಕೈಯಲ್ಲಿ ಇದ್ದದ್ದು ಇದೊಂದೇ ನೋಟು. ಆ ಹೊತ್ತಿಗೆ ನಿಮ್ಮ ಕೈ ಬಿಡುವಾಗಿದ್ದರೆ ಇದೆಲ್ಲ ಕೇಳಿಸುತ್ತದೆ. ಹಿಂದಿನ ಬಾಗಿಲ ಹತ್ತಿರ ಟಿಕೆಟ್ ಹರಿಯುತ್ತಿದ್ದರೆ ಅರ್ಧಂಬರ್ಧ ಶಬ್ದ ಮಾತ್ರ. ಬಾಣಾವರದಲ್ಲಿ ನೂಕುನುಗ್ಗಲು. ಅಜ್ಜ ಚಿಲ್ಲರೆ ಕೇಳುವುದೇ ಇಲ್ಲ, ಇಳಿದುಬಿಡುತ್ತಾನೆ. ಕರೆದು ಕೊಡಬೇಕೆಂದು ಆಟ ಎಲ್ಲೂ ನೆನಪಿಸುವುದಿಲ್ಲ. ಊರು ದಾಟಿದ ಮೇಲೆ ಇನ್‌ಸ್ಪೆಕ್ಟರು ಕೈ ಅಡ್ಡ ಹಿಡಿಯುತ್ತಾರೆ, ಹತ್ತಿ ಬ್ಯಾಗು ಎಣಿಸತೊಡಗುತ್ತಾರೆ. ನಾನೂರು ಚಿಲ್ಲರೆ ಜಾಸ್ತಿ. ಎಲ್ಲಿಂದ ಬಂತು ಅಂತ ಅವರು ಕೇಳಿದಾಗ ಮೂರು ಉತ್ತರಗಳು ಮೂಡುತ್ತವೆ. ಅಜ್ಜನ ಮಾತು ಕೇಳಿಸಿಕೊಂಡವರಿಗೆ ಮಾತ್ರ ನಾಲ್ಕನೆಯದೂ ಕಾಣುತ್ತದೆ.

ಗೆಳೆಯನಿಗೆ ಬಸ್ಸಿನ ವಿವರಗಳ ಹುಚ್ಚು. ಸ್ಟೇಜು ಪ್ರಕಾರ ದರಪಟ್ಟಿ, ಗೇರಿನ ಸದ್ದು, ತಿರುವಿನಲ್ಲಿ ನಾಣ್ಯ ಉರುಳುವ ಭೌತಶಾಸ್ತ್ರ, ಎಲ್ಲ ಮಾಡಿಟ್ಟಿದ್ದ. ಪ್ರತಿಯೊಂದಕ್ಕೂ ನಾನು ಕೇಳುತ್ತಿದ್ದದ್ದು ಒಂದೇ: ಇದರಿಂದ ಆಟಗಾರನ ಕೈ ಏನನ್ನಾದರೂ ಆರಿಸಬೇಕಾಗುತ್ತದಾ? ದರಪಟ್ಟಿ ಹೋಯಿತು, ಮಷೀನು ತಾನೇ ದರ ತೋರಿಸುತ್ತದೆ. ಗೇರಿನ ಸದ್ದು ಹಿನ್ನೆಲೆಗೆ ಹೋಯಿತು. ನಾಣ್ಯ ಉರುಳುವುದು ಮಾತ್ರ ಬಾಣಾವರದ ಮುಂಚಿನ ಹಂಪಿನಲ್ಲಿ ಉಳಿಯಿತು. ಅಲ್ಲಿ ಬ್ಯಾಗಿನಿಂದ ಐದು ರೂಪಾಯಿಯ ನಾಣ್ಯಗಳು ಸೀಟಿನಡಿಗೆ ಚೆಲ್ಲುತ್ತವೆ, ಬಗ್ಗಿ ಆರಿಸುತ್ತಾ ಕೂತರೆ ಅಜ್ಜನ ಕೊನೆಯ ಮಾತು ತಪ್ಪುತ್ತದೆ. ಇಷ್ಟು ಕತ್ತರಿ ಆಡಿಸಿದ ಮೇಲೂ ಮಾವ ಕೊನೆಗೆ ಆಡಿ, "ಹ್ಞಾಂ, ಇದು ಬಸ್ಸು" ಅಂದರು. ಸೀಟಿನ ರೆಕ್ಸಿನ್ ಬಣ್ಣ ತಪ್ಪಿದ್ದು ಅವರ ಕಣ್ಣಿಗೂ ಬೀಳಲಿಲ್ಲ.

ಸಂಭಾಷಣೆ ಬರೆದದ್ದು ಇಂಕ್‌ನಲ್ಲಿ. 80 ಡೇಸ್ ಆಟ ಮಾಡಿದ ಇಂಕಲ್ ಕಂಪನಿ ತಾನು ಬಳಸುತ್ತಿದ್ದ ಈ ಸ್ಕ್ರಿಪ್ಟ್ ಭಾಷೆಯನ್ನು 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಕೋಡಿಂಗ್ ಬರದ ನನ್ನಂಥವರೂ ಸಾದಾ ಫೈಲಿನಲ್ಲಿ ಕವಲು ಕವಲಾಗಿ ಬರೆದುಕೊಂಡು ಹೋಗಬಹುದು. ತಲೆನೋವು ಬಂದದ್ದು ಅಕ್ಷರದಿಂದ. ಆಟ ಕಟ್ಟಲು ಮೊದಲು ಹಿಡಿದ ಗೇಮ್ ಎಂಜಿನ್ ತಂತ್ರಾಂಶಕ್ಕೆ ಒತ್ತಕ್ಷರವೇ ತಿಳಿಯದು, ಚಿಲ್ಲರೆಯನ್ನು 'ಚಿಲ್‌ಲರೆ' ಅಂತ ಒಡೆದು ಹಾಕುತ್ತಿತ್ತು. ಅಂಥ ಪರದೆಯ ಮೇಲೆ ರಿಯಲಿಸಂ ಬಗ್ಗೆ ಏನು ಮಾತಾಡುವುದು? 2023ರಲ್ಲಿ ಗೊಡೊ 4 ಎಂಬ ಎಂಜಿನ್ನು ಬಂದ ಮೇಲೆ ಅದಕ್ಕೆ ದಾಟಿಕೊಂಡೆವು. ಅದರೊಳಗೆ ಅಕ್ಷರ ಜೋಡಿಸಿಕೊಡುವ ತಂತ್ರಾಂಶ ಹಾರ್ಫ್‌ಬಜ್ ಇರುವುದರಿಂದ ಕನ್ನಡ ಕನ್ನಡದಂತೆಯೇ ಮೂಡುತ್ತದೆ. ಕನ್ನಡದಲ್ಲಿ ಆಟ ಮಾಡಹೊರಟವರು ಕತೆಗಿಂತ ಮೊದಲು ಇದೊಂದನ್ನು ನೋಡಿಕೊಳ್ಳಿ.

ಗೆಳೆಯನಿಗೂ ನನಗೂ ನಿಜವಾಗಿ ಜಗಳವಾದದ್ದು ಸ್ಕೋರಿನ ವಿಷಯಕ್ಕೆ. ಬೇಗ ಟಿಕೆಟ್ ಕೊಟ್ಟವರಿಗೆ ಸ್ಟಾರ್ ಇರಲಿ ಅಂತ ಅವನು. ಸ್ಟಾರ್ ಇಟ್ಟರೆ ಅಜ್ಜನ ಮಾತು ಯಾವನು ಕೇಳುತ್ತಾನೆ ಅಂತ ನಾನು. ಕತೆ ಒಂದನ್ನು ಹೇಳಿ ಆಟ ಇನ್ನೊಂದಕ್ಕೆ ಬಹುಮಾನ ಕೊಡುವ ಈ ಎಡವಟ್ಟಿನ ಬಗ್ಗೆ ಕ್ಲಿಂಟ್ ಹಾಕಿಂಗ್ ಎಂಬ ಆಟ ವಿನ್ಯಾಸಕ 2007ರಲ್ಲೇ ಬಯೋಶಾಕ್ ಆಟ ಇಟ್ಟುಕೊಂಡು ಬರೆದಿದ್ದ. ಅದಕ್ಕೆ ಅವನಿಟ್ಟ ಹೆಸರು ಲೂಡೋನರೇಟಿವ್ ಡಿಸೊನೆನ್ಸ್. ಅನ್‌ಚಾರ್ಟೆಡ್ ಆಟಗಳ ನೇಥನ್ ಡ್ರೇಕ್ ತಮಾಷೆ ಮಾಡುತ್ತಾ ನೂರಾರು ಜನರನ್ನು ಕೊಂದುಹಾಕುತ್ತಾನೆಂದು ಎಲ್ಲರೂ ಇದೇ ಹೆಸರು ಹಿಡಿದು ಆಡಿಕೊಂಡರು. 2016ರ ಅನ್‌ಚಾರ್ಟೆಡ್ 4ರಲ್ಲಿ ಸಾವಿರ ಶತ್ರುಗಳನ್ನು ಹೊಡೆದವರಿಗೆ ಸಿಗುವ ಟ್ರೋಫಿಗೆ, ಆಟ ಮಾಡಿದ ನಾಟಿ ಡಾಗ್‌ನವರು ಇದನ್ನೇ ಹೆಸರಾಗಿಟ್ಟು ನಕ್ಕರು. ನಕ್ಕರೆ ಸಮಸ್ಯೆ ಹೋಗುವುದಿಲ್ಲ, ಅದು ಬೇರೆ. ನಮ್ಮ ಆಟದಲ್ಲಿ ಸ್ಟಾರ್ ಬರಲಿಲ್ಲ.

ಆಟ ಹೊರಬಿಟ್ಟ ಮೇಲೆ ಬಂದ ಮೆಸೇಜುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ: ಅಜ್ಜಿ ಏನಾದಳು, ಪಾರ್ಟ್ 2 ಯಾವಾಗ? ಕೇಳಿದವರ ಪ್ರೀತಿ ದೊಡ್ಡದು. ಆದರೆ ಮುಂದೇನಾಯಿತು ಅನ್ನುವುದಕ್ಕೆ ಉತ್ತರ ಬೇಕಾದರೆ ನಾನು ಎರಡು ಪುಟ ಬರೆದು ಕೊಡಬಲ್ಲೆ. ಅದಕ್ಕೆ ಇನ್ನೊಂದು ಆಟ ಯಾಕೆ?

ಪಾರ್ಟ್ 2 ಬೇಕೋ ಬೇಡವೋ ಅನ್ನುವ ಈ ವಾದಕ್ಕೆ ಎಲ್ಲರೂ ಎಳೆದು ತರುವುದು ದಿ ಲಾಸ್ಟ್ ಆಫ್ ಅಸ್. (ಮತ್ತೆ, ಆಡದವರು ಹಾರಿಸಿ.) 2013ರ ಮೊದಲ ಆಟದ ಕೊನೆಯಲ್ಲಿ ಎಲ್ಲಿ ಎಂಬ ಹುಡುಗಿಯನ್ನು ಉಳಿಸಲು, ನಾವು ಆಡಿಸುವ ಜೋಯೆಲ್ ಆಸ್ಪತ್ರೆಗೆ ನುಗ್ಗುತ್ತಾನೆ. ಆಪರೇಷನ್ ಕೋಣೆಯಲ್ಲಿ ಡಾಕ್ಟರು ಸಣ್ಣ ಚಾಕು ಹಿಡಿದು ಅಡ್ಡ ನಿಲ್ಲುತ್ತಾರೆ. ಅವರನ್ನು ಕೊಲ್ಲದೆ ಆಟ ಮುಂದೆ ಹೋಗುವುದಿಲ್ಲ. ಕೊನೆಗೆ ಜೋಯೆಲ್ ಆ ಹುಡುಗಿಗೆ ಸುಳ್ಳು ಹೇಳುತ್ತಾನೆ, ಅವಳು "ಓಕೆ" ಅನ್ನುತ್ತಾಳೆ, ಪರದೆ ಕಪ್ಪಾಗುತ್ತದೆ. ಅಷ್ಟು ತುಂಬಿದ ಅಂತ್ಯಕ್ಕೆ ಮುಂದುವರಿಕೆ ಬೇಕಿತ್ತೇ ಅಂದರೆ, ಬೇಕಿರಲಿಲ್ಲ. ಆದರೆ 2020ರ ಎರಡನೇ ಭಾಗ ಸುಮ್ಮನೆ ಹುಟ್ಟಿದ್ದಲ್ಲ. ನಾವು ಕೊಂದ ಆ ಡಾಕ್ಟರ ಮಗಳು ಆಬಿ. ಅವಳು ಬಂದು ಜೋಯೆಲ್‌ನನ್ನು ಕೊಲ್ಲುತ್ತಾಳೆ, ಆಮೇಲೆ ಅರ್ಧ ಆಟ ಅವಳಾಗಿಯೇ ನಾವು ಆಡಬೇಕು. ದ್ವೇಷ ಕಟ್ಟಿಕೊಂಡವಳ ಕಾಲಲ್ಲೇ ನಡೆಯಬೇಕು. ಸತ್ತ ಜೊತೆಗಾರನನ್ನು ಶತ್ರುಗಳು ಹೆಸರು ಹಿಡಿದು ಕೂಗುತ್ತಾರೆ. ಇದು ಮೊದಲ ಆಟದಲ್ಲಿ ಕೈಗೆ ಇಲ್ಲದ ಕೆಲಸ, ಆ ಕಾರಣಕ್ಕೆ ನಾನು ಅದರ ಪರ. ಸಾಂಟಾ ಬಾರ್ಬರಾದ ಕೊನೆಯ ಭಾಗ ಮಾತ್ರ ಎಳೆದಿದ್ದಾರೆ. ಅಲ್ಲಿ ಕೈಗೆ ಹೊಸದೇನೂ ಇಲ್ಲ, ಹಳೆ ಹೊಡೆದಾಟವೇ.

ಇದರ ಇನ್ನೊಂದು ತುದಿ ವಾಲ್ವ್ ಕಂಪನಿಯ ಹಾಫ್-ಲೈಫ್ ಆಟಗಳ ಸರಣಿ. 2007ರ ಎಪಿಸೋಡ್ ಟೂ ಈಲೈ ವ್ಯಾನ್ಸ್‌ನ ಸಾವಿನ ಮೇಲೆ ನಿಂತಿತು, ಮೂರನೆಯದು ಬರಲೇ ಇಲ್ಲ. ಅಭಿಮಾನಿಗಳು ಕಾದೂ ಕಾದೂ ಬೇಸತ್ತರು. ಹಾಫ್-ಲೈಫ್ 2ಕ್ಕೆ ಇಪ್ಪತ್ತು ವರ್ಷ ತುಂಬಿದಾಗ ಬಂದ ಸಾಕ್ಷ್ಯಚಿತ್ರದಲ್ಲಿ ವಾಲ್ವ್‌ನ ಗೇಬ್ ನ್ಯೂವೆಲ್, ಕತೆ ಮುಂದುವರಿಸುತ್ತೇವೆ ಎಂಬುದಷ್ಟನ್ನೇ ನೆಪ ಮಾಡಿಕೊಳ್ಳುವುದು ಸೋಮಾರಿತನ ಅನ್ನುವ ಧಾಟಿಯಲ್ಲಿ ಮಾತಾಡಿದ್ದಾರೆ. ಅವರು ಮತ್ತೆ ಆ ಲೋಕಕ್ಕೆ ಹೋದದ್ದು 2020ರಲ್ಲಿ, ಹಾಫ್-ಲೈಫ್: ಆಲಿಕ್ಸ್ ಮೂಲಕ. ಅದು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್ ಆಟ, ಬಾಟಲಿ ಎತ್ತುವುದರಿಂದ ಗುಂಡು ತುಂಬುವ ತನಕ ಎಲ್ಲ ಸ್ವಂತ ಕೈಯಲ್ಲೇ. ಅಭಿಮಾನಿಯಾಗಿ ನನಗೆ ಹೊಟ್ಟೆ ಉರಿದರೂ, ಆಟ ಬರೆಯುವವನಾಗಿ ನ್ಯೂವೆಲ್ ಮಾತನ್ನು ಒಪ್ಪುತ್ತೇನೆ.

ನಮ್ಮ ಬಸ್ಸಿಗೆ ಪಾರ್ಟ್ 2 ಮಾಡುವುದಾದರೆ ಕಾಲ ಇವತ್ತಿನದಾಗಬೇಕು. ಇವತ್ತಿನ ಬಸ್ಸಿನಲ್ಲಿ ಯುಪಿಐ ಬಂದಿದೆ, ಐನೂರರ ನೋಟಿನ ರಗಳೆ ಮೊದಲಿನಷ್ಟಿಲ್ಲ. ನಮ್ಮ ಆಟ ನಿಂತದ್ದೇ ಆ ರಗಳೆಯ ಮೇಲೆ. ಗೆಳೆಯ ಬಿಡಲಿಲ್ಲ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಂಗಸರಿಗೆ ಶೂನ್ಯ ಟಿಕೆಟ್ಟು, ಗುರುತಿನ ಚೀಟಿ ನೋಡಬೇಕು, ಬಸ್ಸು ತುಂಬಿ ತುಳುಕುತ್ತದೆ, ಕಂಡಕ್ಟರಿಗೆ ಅದೇನು ಕಮ್ಮಿ ಕೆಲಸವಾ? ಹೌದು, ಅದರಲ್ಲಿ ಕೈಗೆ ಕೆಲಸ ಇದೆ. ದುಡ್ಡು ಎಣಿಸುವ ಬದಲು ಮುಖ, ಚೀಟಿ, ಜಾಗ ನೋಡುವ ಕೆಲಸ. ಹಾಗಾದರೆ ಅಜ್ಜನೂ ಬೇಡ, ಅಜ್ಜಿಯೂ ಬೇಡ, ಹಳೆ ಹೆಸರೂ ಬೇಡ, ಹೊಸ ಆಟವಾಗಿಯೇ ಮಾಡೋಣ ಅಂತ ನಾನು. ಹೆಸರು ಉಳಿಸಿಕೊಂಡರೆ ನಾಲ್ಕು ಜನ ಜಾಸ್ತಿ ಡೌನ್‌ಲೋಡ್ ಮಾಡುತ್ತಾರೆ ಅಂತ ಅವನು. ಅವನ ಮಾತೂ ಸುಳ್ಳಲ್ಲ, ಇದಿನ್ನೂ ಇತ್ಯರ್ಥವಾಗಿಲ್ಲ. ಈಗ ಬೇಕಾಗಿರುವುದು ಡ್ಯೂಟಿಯಲ್ಲಿರುವ ಒಬ್ಬರು ಕಂಡಕ್ಟರು, ಸಾಧ್ಯವಾದರೆ ಹೆಂಗಸು. ಮಾವನನ್ನು ಕೇಳಿದರೆ, "ನಮ್ ಕಾಲಕ್ಕೆ ಇದೆಲ್ಲ ಎಲ್ಲಿತ್ತೋ, ನಂಗೇನ್ ಗೊತ್ತು" ಅಂದು ಡಿಪೋದಲ್ಲಿ ಪರಿಚಯದವರ ನಂಬರ್ ಹುಡುಕುತ್ತಿದ್ದಾರೆ.