ಲಿವರ್ ಬಯಾಪ್ಸಿ: ಒಂದೇ ತೂತು, ಎರಡು ಕೋರ್

ಲಿವರ್ ಬಯಾಪ್ಸಿ ಅಂದರೆ ಸೂಜಿ ಚುಚ್ಚಿ ಲಿವರಿನ ಎಳೆಯಂಥ ಚೂರು (ಕೋರ್) ತೆಗೆದು ಪರೀಕ್ಷಿಸುವುದು. ಮೊದಲೆರಡು ವರ್ಷ ನಮಗೆ ಕಾಟ ಕೊಟ್ಟಿದ್ದು ಅದರ ರಿಪೋರ್ಟು. ‘ಸ್ಯಾಂಪಲ್ ಸಾಲದು’ ಎಂದು ಬರೆದು ಪೆಥಾಲಜಿಯವರು ವಾಪಸ್ ಕಳಿಸುತ್ತಿದ್ದರು. ಹೀರಿ ತೆಗೆಯುವ ಮೆಂಘಿನಿ ಸೂಜಿಯಲ್ಲಿ, ಸಿರೋಸಿಸ್ ಆಗಿ ಗಂಟುಗಟ್ಟಿದ ಲಿವರ್ ಚೂರುಚೂರಾಗಿ ಬರುತ್ತಿತ್ತು. ಸ್ಪ್ರಿಂಗ್‌ನಿಂದ ಕತ್ತರಿಸುವ 18 ಗೇಜಿನ ಗನ್‌ನಲ್ಲಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು) ಕೋರ್ ತುಂಡಾಗುತ್ತಿರಲಿಲ್ಲ, ಆದರೆ ತೀರಾ ತೆಳು. 11 ಪೋರ್ಟಲ್ ಟ್ರ್ಯಾಕ್ಟ್ (ಲಿವರಿನೊಳಗಿನ ರಕ್ತನಾಳ, ಪಿತ್ತನಾಳಗಳ ಕಟ್ಟು) ಆದರೂ ಸಿಗದೆ ಫೈಬ್ರೋಸಿಸ್, ಅಂದರೆ ಲಿವರ್ ಕಲೆಗಟ್ಟಿದ್ದು, ಯಾವ ಹಂತದ್ದು ಎಂದು ಹೇಳುವುದು ಹೇಗೆ? ಇಡೀ ಲಿವರಿನಲ್ಲಿ ನಾವು ತೆಗೆಯುವುದು ಹೆಚ್ಚುಕಡಿಮೆ 50 ಸಾವಿರದಲ್ಲಿ ಒಂದು ಪಾಲು. ಅದೂ ಅರೆಬರೆಯಾದರೆ ಪೇಷೆಂಟ್ ಚುಚ್ಚಿಸಿಕೊಂಡಿದ್ದೂ ದಂಡ, ಐದಾರು ಸಾವಿರ ಖರ್ಚೂ ದಂಡ. ಇನ್ನೊಂದು ಸಲ ಚುಚ್ಚಬೇಕು ಎಂದರೆ ಮನೆಯವರು ಮುಖ ತಿರುಗಿಸುತ್ತಿದ್ದರು.

ಹಾಗಾಗಿ ಸೂಜಿಯೊಳಗೆ ಸೂಜಿ ಹೋಗುವ ಕೋಎಕ್ಸಿಯಲ್ ಹಿಡಿದೆ. ಹೊರಗೆ 15 ಗೇಜ್, ಒಳಗೆ 16 ಗೇಜಿನ ಗನ್. ಲಿವರಿನ ಹೊರಪೊರೆಗೆ (ಕ್ಯಾಪ್ಸೂಲ್) ಒಂದೇ ತೂತು, ಅದರೊಳಗಿಂದಲೇ ಎರಡು ಕೋರ್. ‘ಇಷ್ಟು ದಪ್ಪ ಸೂಜಿನಾ? ಜಿಲ್ಲಾ ಊರಲ್ಲಿ ಯಾಕೆ ಸಾರ್, ಬೆಂಗಳೂರಿಗೆ ಕಳಿಸಿಬಿಡಿ’ ಎಂದರು ಜೊತೆಯವರು. ಸೆಟ್ಟಿಗೆ ಮೂರು ಸಾವಿರದ ಹತ್ತಿರ ಬೀಳುತ್ತದೆ ಎಂದು ಸ್ಟೋರಿನವರು ಗೊಣಗಿದರು. ಎರಡನೇ ಬಯಾಪ್ಸಿ ತಪ್ಪಿದರೆ ಆ ದುಡ್ಡು ಅಲ್ಲೇ ಹುಟ್ಟುತ್ತದೆ ಅಲ್ವಾ?

ಶುರುವಿನಲ್ಲಿ ಒಬ್ಬರಿಗೆ ರಕ್ತ ಕೊಡಬೇಕಾಯಿತು. ಎರಡು ಗಂಟೆಯೊಳಗೆ ಬಿಪಿ ಇಳಿಯಿತು, ಸ್ಕ್ಯಾನ್‌ನಲ್ಲಿ ಲಿವರ್ ಸುತ್ತ ರಕ್ತ ಕಾಣಿಸಿತು. ಎರಡು ಬಾಟಲ್‌ಗೆ ಸರಿಹೋಯಿತು. ಆಮೇಲಿಂದ ಸೂಜಿ ಹಿಂದೆ ತೆಗೆಯುತ್ತಾ ರಕ್ತ ನಿಲ್ಲಿಸುವ ಜೆಲಾಟಿನ್ ಸ್ಪಂಜು ಜೆಲ್‌ಫೋಮ್ ಕಲಸಿ ದಾರಿ ತುಂಬುತ್ತೇನೆ. ಎಷ್ಟು ಗಟ್ಟಿ ಕಲಸಬೇಕು ಅನ್ನುವುದು ನನ್ನ ಕೈಹದ. ಅದನ್ನು ಪಕ್ಕದಲ್ಲಿ ನಿಂತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿದ್ದರೆ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 1.5 ದಾಟಿದರೆ, ಹೊಟ್ಟೆಯಲ್ಲಿ ನೀರು ಜಾಸ್ತಿ ಇದ್ದರೆ ನಾನು ಮುಟ್ಟುವುದಿಲ್ಲ. ಅವರಿಗೆ ಕುತ್ತಿಗೆಯ ರಕ್ತನಾಳದಿಂದ ಹೋಗುವ ಟ್ರಾನ್ಸ್‌ಜುಗುಲರ್ ದಾರಿಯೇ ಸರಿ. ಉಳಿದವರನ್ನು ನಾಲ್ಕೈದು ಗಂಟೆ ಮಲಗಿಸಿ, ಬಿಪಿ ನೋಡುತ್ತಾ ಇದ್ದು, ಅದೇ ಸಂಜೆ ಮನೆಗೆ ಕಳಿಸುತ್ತೇನೆ. ರಾತ್ರಿ ಹತ್ತಿರದಲ್ಲೇ ಇರಬೇಕು, ಜೊತೆಗೆ ಒಬ್ಬರು ಇರಲೇಬೇಕು. ಬಲಭುಜದ ನೋವು ಕೆಲವರಿಗೆ ಬರುತ್ತದೆ, ಪ್ಯಾರಸಿಟಮಾಲ್ ಸಾಕು. ಈವರೆಗೆ ನೂರೈವತ್ತರ ಆಸುಪಾಸು ಆಗಿರಬೇಕು. ಫೋಮ್ ಶುರುವಾದ ಮೇಲೆ ಯಾರಿಗೂ ರಕ್ತ ಕೊಟ್ಟಿಲ್ಲ. ‘ಸಾಲದು’ ಎನ್ನುವ ರಿಪೋರ್ಟ್ ಬರುವುದೂ ಅಪರೂಪ.

ಕೋರ್ ಇಡುವುದರಲ್ಲೂ ಸ್ವಲ್ಪ ಆಟ ಆಡಿದೆ. ಗಾಜ್ ಮೇಲೆ ಇಟ್ಟರೆ ಅಂಟಿ ಹರಿಯುತ್ತದೆ. ಸ್ಪಂಜಿನಲ್ಲಿ ಇಟ್ಟರೆ ಸ್ಲೈಡಿನಲ್ಲಿ ತ್ರಿಕೋನದ ತೂತುಗಳು ಕಾಣುತ್ತವೆ. ಫಿಲ್ಟರ್ ಪೇಪರ್ ಮೇಲೆ ನೀಟಾಗಿ ಮಲಗಿಸಿ ಫಾರ್ಮಲಿನ್‌ಗೆ ಬಿಡುವುದೇ ಒಳ್ಳೆಯದು.

ಚುಚ್ಚದೆ ಲಿವರ್ ಎಷ್ಟು ಗಟ್ಟಿ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಇರುವಾಗ ಇದೆಲ್ಲ ಸುಮ್ನೆ ಯಾಕೆ ಎನ್ನುವವರಿದ್ದಾರೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ತಿಂಗಳುಗಟ್ಟಲೆ ಕುಡಿದ ಒಬ್ಬ ಹೆಂಗಸು ಬಂದಿದ್ದರು. ಕಾಮಾಲೆ, ಲಿವರ್ ಹಾನಿ ತೋರಿಸುವ ಎಸ್‌ಜಿಪಿಟಿ ಸಾವಿರದ ಹತ್ತಿರ. ಫೈಬ್ರೋಸ್ಕ್ಯಾನ್ ಲಿವರ್ ಗಟ್ಟಿ ಎಂದಷ್ಟೇ ಹೇಳಿತು. ಕೋರ್‌ನಲ್ಲಿ ಇಂಟರ್‌ಫೇಸ್ ಹೆಪಟೈಟಿಸ್ (ಪೋರ್ಟಲ್ ಟ್ರ್ಯಾಕ್ಟ್ ಅಂಚಿನ ಉರಿಯೂತ), ತುಂಬಾ ಪ್ಲಾಸ್ಮಾ ಕೋಶಗಳು. ರಕ್ತದಲ್ಲಿ ದೇಹದ ಮೇಲೇ ತಿರುಗುವ ಪ್ರತಿಕಾಯ ಎಎನ್‌ಎ ಪಾಸಿಟಿವ್. ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ಬಿದ್ದಿದೆ ಎನ್ನುವ ಸುಳಿವು. ಕಷಾಯ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟೆವು, ಮೂರು ತಿಂಗಳಲ್ಲಿ ನಾರ್ಮಲ್‌ಗೆ ಬಂತು.

ಲಿವರಿನಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆಯ ಅನುಮಾನ ಇದ್ದರೆ ಎರಡನೇ ಕೋರ್‌ನ ಒಂದು ತುಂಡನ್ನು ಫಾರ್ಮಲಿನ್ ಇಲ್ಲದೆ, ಲೋಹ ಸೋಕದ ಒಣ ಡಬ್ಬಿಯಲ್ಲಿ ತಾಮ್ರ ಅಳೆಯಲು ಕಳಿಸುತ್ತೇನೆ. ಒಣ ತೂಕದ ಗ್ರಾಮಿಗೆ 250 ಮೈಕ್ರೋಗ್ರಾಂ ದಾಟಿದರೆ ವಿಲ್ಸನ್ ಕಡೆಗೇ ವಾಲುತ್ತೇವೆ. ತೆಳು ಕೋರ್ ಒಂದನ್ನೇ ಇಟ್ಟುಕೊಂಡು ಪೆಥಾಲಜಿಗೂ ತಾಮ್ರಕ್ಕೂ ಹಂಚಲು ಆಗುತ್ತಿರಲಿಲ್ಲ.