ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮನೆಯಲ್ಲಿ ನಡಿಗೆಯ ತಾಲೀಮು

ಸೆರೆಬ್ರಲ್ ಪಾಲ್ಸಿ ಎಂದರೆ ಎಳೆಯ ಮೆದುಳಿಗೆ ಆದ ಹಾನಿಯಿಂದ ಚಲನೆ ಕಷ್ಟವಾಗುವ ಸ್ಥಿತಿ. ಈ ತಾಲೀಮು ಎರಡೂ ಕಾಲು ಬಿಗಿಯಾಗಿರುವ, ಅಂದರೆ ಸ್ಪಾಸ್ಟಿಕ್ ಡೈಪ್ಲೀಜಿಯಾ ಇರುವ, ಹೇಳಿದ್ದನ್ನು ಅರ್ಥ ಮಾಡಿಕೊಂಡು ಮಾಡಬಲ್ಲ 5ರಿಂದ 12 ವರ್ಷದ ಮಕ್ಕಳಿಗೆ. ಫಿಸಿಯೋಥೆರಪಿಸ್ಟರು ಜಿಎಂಎಫ್‌ಸಿಎಸ್ ಎಂಬ ಐದು ಹಂತದ ಅಳತೆ ಬಳಸುತ್ತಾರೆ. ಅದರಲ್ಲಿ 2ನೇ ಹಂತದ ಮಗು ತಾನಾಗಿ ನಡೆಯುತ್ತದೆ, ಆದರೆ ಮೆಟ್ಟಿಲಿಗೆ ಕಂಬಿ ಬೇಕು. 3ನೇ ಹಂತದ ಮಗು ವಾಕರ್ ಅಥವಾ ಊರುಗೋಲು ಹಿಡಿದು ನಡೆಯುತ್ತದೆ. ಮುಂದೆ ಬರೆದಿರುವುದೆಲ್ಲ ಈ ಎರಡು ಹಂತಗಳಿಗೆ. ನಿಮ್ಮ ಮಗು ಯಾವ ಹಂತದಲ್ಲಿದೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಎಣ್ಣೆ ತಿಕ್ಕಿ, ಮಗುವನ್ನು ಮಲಗಿಸಿ, ಕಾಲು ಎಳೆದು ಮಡಿಸುವುದಕ್ಕೇ ಎಷ್ಟೋ ಮನೆಗಳಲ್ಲಿ ವ್ಯಾಯಾಮ ಎನ್ನುತ್ತಾರೆ. ಮಗುವಿಗೆ ಹಿತವಾಗುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ದುಡಿದದ್ದು ನಿಮ್ಮ ಕೈ. ಮಗು ನಡೆಯಲು ಕಲಿಯುವುದು ತಾನೇ ಎದ್ದಾಗ, ತಾನೇ ಹೆಜ್ಜೆ ಇಟ್ಟಾಗ. ಬಿಗಿಯಾದ ಸ್ನಾಯು ಬಲವಾಗಿದೆ ಎಂದು ಕಾಣುತ್ತದಾದರೂ ಒಳಗೆ ಅದು ದುರ್ಬಲವೇ. ಭಾರ ಹಾಕಿ ವ್ಯಾಯಾಮ ಮಾಡಿಸಿದರೆ ಬಿಗಿತ ಹೆಚ್ಚುತ್ತದೆ ಎಂಬ ಹಳೆಯ ಹೆದರಿಕೆಗೆ ಆಧಾರವಿಲ್ಲ.

ಶುರು ಮಾಡುವ ಮೊದಲು ಸೊಂಟದ ಕೀಲಿನ ಎಕ್ಸ್‌ರೇ ಆಗಿದೆಯೇ ನೋಡಿ. ಈ ಮಕ್ಕಳಲ್ಲಿ ತೊಡೆಮೂಳೆಯ ತಲೆ ನೋವೇ ಇಲ್ಲದೆ ನಿಧಾನವಾಗಿ ಗುಳಿಯಿಂದ ಹೊರಜಾರಬಹುದು. ಶೇ. 30ಕ್ಕಿಂತ ಹೆಚ್ಚು ಹೊರಬಂದಿದ್ದರೆ ಮೂಳೆ ವೈದ್ಯರು ನೋಡಲೇಬೇಕು. ಸ್ನಾಯುವಿನ ಬಿಗಿತ ಇಳಿಸುವ ಬೊಟುಲಿನಂ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ ಅದನ್ನು ಮಾಡಿದ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಕೂತು ಏಳುವುದು

ಒಂದೇ ವ್ಯಾಯಾಮಕ್ಕೆ ಸಮಯವಿದೆ ಎಂದಾದರೆ ಇದನ್ನೇ ಮಾಡಿಸಿ. ತೊಡೆ, ಪೃಷ್ಠ, ಮೀನಖಂಡ ಮೂರೂ ಒಟ್ಟಿಗೆ ದುಡಿಯುತ್ತವೆ. ಅಲುಗಾಡದ ಸ್ಟೂಲ್ ಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ತೊಡೆ ನೆಲಕ್ಕೆ ಸಮನಾಗಿರಬೇಕು. ಪಾದಗಳ ನಡುವೆ ಸೊಂಟದಷ್ಟು ಅಂತರವಿರಲಿ, ಹಿಮ್ಮಡಿ ಮಂಡಿಗಿಂತ ತುಸು ಹಿಂದಿರಲಿ. ಕೈ ಎದೆಯ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದು, ಮಂಡಿ ಮತ್ತು ಸೊಂಟ ನೇರ ಮಾಡಿ ಎರಡು ಎಣಿಸುವಷ್ಟು ನಿಂತು, ನಾಲ್ಕು ಎಣಿಸುತ್ತ ನಿಧಾನವಾಗಿ ಕೂರಬೇಕು. ಧೊಪ್ಪೆಂದು ಕೂತರೆ ಅರ್ಧ ಲಾಭ ಹೋಯಿತು. ಇಳಿಯುವಾಗ ದೇಹವನ್ನು ತಡೆದು ಹಿಡಿಯುವ ಸ್ನಾಯುವೇ ನಡೆಯುವಾಗ ಮಂಡಿ ಕುಸಿಯದಂತೆ ನೋಡಿಕೊಳ್ಳುವುದು.

ಒಂದು ಸುತ್ತಿಗೆ 8ರಿಂದ 10 ಸಲ, ಒಟ್ಟು 3 ಸುತ್ತು, ನಡುವೆ ಒಂದೆರಡು ನಿಮಿಷ ಬಿಡುವು. ವಾರಕ್ಕೆ 3 ದಿನ, ಸೋಮ, ಬುಧ, ಶುಕ್ರ ಎಂಬಂತೆ ದಿನ ಬಿಟ್ಟು ದಿನ. ಕೊನೆಯ ಎರಡು ಸಲ ಏಳುವುದು ಕಷ್ಟವಾಗಬೇಕು, ಆದರೆ ಏಳುವ ರೀತಿ ಕೆಡಬಾರದು. ಸತತ ಎರಡು ತಾಲೀಮಿನ ದಿನ 10 ಸಲ ಸುಲಭವಾದರೆ ಭಾರ ಹೆಚ್ಚಿಸಿ. ಹಳೆಯ ತೋಳಿಲ್ಲದ ಕೋಟಿಗೆ ಹಿಂದೆ ಮುಂದೆ ಜೇಬು ಹೊಲಿದು, 250 ಗ್ರಾಂ ಅಕ್ಕಿಯ ಪೊಟ್ಟಣ ಒಂದು ಮುಂದೆ, ಒಂದು ಹಿಂದೆ ಇಡಿ. ಶಾಲೆಯ ಬ್ಯಾಗ್ ಹಾಕಿದರೆ ಭಾರವೆಲ್ಲ ಬೆನ್ನಿಗೆ ಬಿದ್ದು ಮಗು ಹಿಂದಕ್ಕೆ ವಾಲುತ್ತದೆ.

ಏಳುವಾಗ ಮಂಡಿಗಳು ಒಂದಕ್ಕೊಂದು ತಾಗುತ್ತವೆಯೇ? ಮಂಡಿಯ ಹೊರಬದಿಗೆ ನಿಮ್ಮ ಬೆರಳಿಟ್ಟು "ನನ್ನ ಬೆರಳನ್ನ ತಳ್ಳು ಪುಟ್ಟ" ಎನ್ನಿ. ನೀವೇ ಕಾಲು ಅಗಲಿಸಬೇಡಿ. ಹಿಮ್ಮಡಿ ಮೇಲೇಳುತ್ತಿದ್ದರೆ ಸ್ಟೂಲ್ 5 ಸೆಂ.ಮೀ. ಎತ್ತರಿಸಿ, ಎಎಫ್‌ಓ (ಪಾದ ಮತ್ತು ಹರಡನ್ನು ಸರಿಯಾಗಿ ಹಿಡಿದಿಡುವ ಆಸರೆ) ಮತ್ತು ಶೂ ಹಾಕಿಸಿ. ಮಂಡಿ ಮಡಿಸಿ ಕೂತಾಗಲೂ ಹಿಮ್ಮಡಿ ನೆಲ ಮುಟ್ಟದಿದ್ದರೆ ಸ್ನಾಯುವೇ ಗಿಡ್ಡವಾಗಿದೆ. ಅದಕ್ಕೆ ವೈದ್ಯರು ಬೇಕು, ಒತ್ತಾಯದ ವ್ಯಾಯಾಮವಲ್ಲ.

ಅದೇ ದಿನಗಳಲ್ಲಿ ಇನ್ನೆರಡು ಸೇರಿಸಿ. 10 ಸೆಂ.ಮೀ. ಎತ್ತರದ ಗಟ್ಟಿ ಮಣೆಗೆ ಅಡ್ಡವಾಗಿ ನಿಂತು, ಒಂದು ಕಾಲನ್ನು ಮಣೆಯ ಮೇಲಿಟ್ಟು ಏರಿ ಇಳಿಯುವುದು, ಪ್ರತಿ ಕಾಲಿಗೆ 8 ಸಲ. ಗೋಡೆಗೆ ಅಂಗೈ ಊರಿ, ಮಂಡಿ ನೇರವಿಟ್ಟು ಎರಡೂ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು. ಹೇಗೂ ತುದಿಗಾಲಲ್ಲಿ ನಡೆಯುವ ಮಗುವಿಗೆ ಇದೇಕೆ ಎಂದು ತಾಯಂದಿರು ಕೇಳುತ್ತಾರೆ. ಹೆಜ್ಜೆಯನ್ನು ಮುಂದಕ್ಕೆ ತಳ್ಳುವುದು ಮೀನಖಂಡ, ಈ ಮಕ್ಕಳಲ್ಲಿ ತೀರ ಸೋತಿರುವುದೂ ಅದೇ. ಹಿಮ್ಮಡಿ ಪೂರ್ತಿ ನೆಲಕ್ಕೆ ಇಳಿಯಲೇಬೇಕು ಎಂಬುದಷ್ಟೇ ಷರತ್ತು.

ನಡಿಗೆ

ಇದು ದಿನವೂ ಬೇಕು, ಒಟ್ಟು 20ರಿಂದ 30 ನಿಮಿಷ, ಎರಡು ಮೂರು ಕಂತಿನಲ್ಲಿ. ಮಗುವಿನ ಎರಡೂ ಕೈಯನ್ನು ಮೇಲಕ್ಕೆತ್ತಿ ಹಿಡಿದು ನಡೆಸುವುದು ನಮ್ಮಲ್ಲಿ ಸಾಮಾನ್ಯ, ಮತ್ತು ದೊಡ್ಡ ತಪ್ಪು. ಭಾರ ನಿಮ್ಮ ತೋಳಿಗೆ ಬಂದು ಕಾಲು ನೇತಾಡುತ್ತದೆ, ತುದಿಗಾಲು ಹೆಚ್ಚುತ್ತದೆ. ಹಿಂದೆ ನಿಂತು ಸೊಂಟದ ಇಕ್ಕೆಲ ಹಿಡಿಯಿರಿ. ವಾರ ವಾರಕ್ಕೆ ಹಿಡಿತ ಸಡಿಲಿಸಿ. ಚಕ್ರದ ಬೇಬಿ ವಾಕರ್ ಬೇಡವೇ ಬೇಡ.

ವಾಕರ್ ಕೊಳ್ಳುವುದಾದರೆ ಮಗುವಿನ ಹಿಂದೆ ಬರುವ ರಿವರ್ಸ್ ವಾಕರ್ ಕೇಳಿ. ಮುಂದಿರುವ ವಾಕರ್ ಹಿಡಿದ ಮಗು ಅದರ ಮೇಲೆ ಬಾಗುತ್ತದೆ, ಮಂಡಿ ಮಡಿಸಿಕೊಂಡೇ ನಡೆಯುತ್ತದೆ. ನೆಟ್ಟಗೆ ನಿಂತು ಹಿಡಿದಾಗ ಮೊಣಕೈ ತುಸುವೇ ಮಡಿದಿರಬೇಕು, ಸುಮಾರು 20 ಡಿಗ್ರಿ.

ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಮಗುವಿನ ಈಗಿನ ಹೆಜ್ಜೆಗಿಂತ 3 ಸೆಂ.ಮೀ. ಹೆಚ್ಚು ಅಂತರದಲ್ಲಿ. ಪ್ರತಿ ಗೆರೆಗೂ ಒಂದು ಹೆಜ್ಜೆ. ಬೇಸರವಾದರೆ ಅದೇ ಗೆರೆ ಕುಂಟೆಬಿಲ್ಲೆಯ ಮನೆಗಳಾಗಲಿ. ಆಮೇಲೆ 30 ಸೆಕೆಂಡು ಆದಷ್ಟು ಬೇಗ ನಡೆದು 30 ಸೆಕೆಂಡು ನಿಲ್ಲುವುದು, 6 ಸಲ. ಹಾಲ್‌ನಲ್ಲಿ ಚೆನ್ನಾಗಿ ನಡೆಯುವ ಮಗು ಅಂಗಳದ ಮಣ್ಣಿನಲ್ಲಿ ಮುಗ್ಗರಿಸುವುದು ಅಲ್ಲಿ ಕಲಿತಿಲ್ಲದ ಕಾರಣಕ್ಕೆ. ಹೊಸಿಲು, ಇಳಿಜಾರು, ಮಣ್ಣು ಎಲ್ಲದರ ಮೇಲೂ ನಡೆಸಿ.

ಎಎಫ್‌ಓ ಮತ್ತು ಹಿಮ್ಮಡಿ

ಎಎಫ್‌ಓ ಹಾಕುವಾಗ ಮಂಡಿ ಮಡಿಸಿ, ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಪೂರ್ತಿ ಕೂರಿಸಿ, ಮೊದಲು ಹರಡಿನ ಪಟ್ಟಿ ಬಿಗಿಯಿರಿ. ಒಳಗೆ ಸುಕ್ಕಿಲ್ಲದ ಉದ್ದ ಕಾಲುಚೀಲವಿರಲಿ. ತೆಗೆದ ಮೇಲೆ ಚರ್ಮದ ಕೆಂಪು 20 ನಿಮಿಷದಲ್ಲಿ ಮಾಯವಾಗದಿದ್ದರೆ ಅದನ್ನು ಮತ್ತೆ ಹಾಕದೆ, ಮಾಡಿಕೊಟ್ಟವರಲ್ಲಿ ಸರಿಪಡಿಸಿಕೊಳ್ಳಿ. ಬೆರಳು ಅಂಚಿನಿಂದ ಹೊರಗೆ ಬಂದಿದ್ದರೆ ಮಗು ಬೆಳೆದಿದೆ, ಹೊಸದು ಬೇಕು.

ಪಾದವನ್ನು ಕೈಯಿಂದ ಹಿಗ್ಗಿಸುವುದಾದರೆ ಹಿಮ್ಮಡಿಯನ್ನೇ ಅಂಗೈಯಲ್ಲಿ ಹಿಡಿದು ಕೆಳಕ್ಕೆ ಎಳೆಯಿರಿ. ಬೆರಳ ಕಡೆಯಿಂದ ಮೇಲಕ್ಕೆ ಒತ್ತಿದರೆ ಪಾದದ ನಡುಭಾಗ ಬಾಗುತ್ತದೆ, ಹಿಮ್ಮಡಿ ಇದ್ದಲ್ಲೇ ಇರುತ್ತದೆ. ಸರಿಹೋಯಿತೆಂದು ಭ್ರಮೆಯಾಗುತ್ತದೆ, ಪಾದದ ಕಮಾನು ಕುಸಿಯುತ್ತದೆ.

ಎಎಫ್‌ಓ, ವಾಕರ್‌ನಂಥ ಸಾಧನ ಪಡೆಯಲು ನೆರವಾಗುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ. ಕೇಂದ್ರ ಸರ್ಕಾರದ್ದೇ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮೊದಲ ವಾರ ತೊಡೆ ನೋಯುವುದು ಸಹಜ. ನೋವು ಎರಡು ದಿನ ದಾಟಿದರೆ ಭಾರ ಅರ್ಧಕ್ಕೆ ಇಳಿಸಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾದಂತೆ ಕಾಣುವುದು, ಬಟ್ಟೆ ಹಾಕುವಾಗ ತೊಡೆ ಅಗಲಿಸಲು ಕಷ್ಟವಾಗುವುದು, ಇವುಗಳಲ್ಲಿ ಒಂದಿದ್ದರೂ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ತಿಂಗಳಿಗೊಮ್ಮೆ ಅಳೆಯಿರಿ. 14 ಮೀಟರ್ ದಾರಿಯಲ್ಲಿ ಮೊದಲ ಹಾಗೂ ಕೊನೆಯ 2 ಮೀಟರ್ ಬಿಟ್ಟು, ನಡುವಿನ 10 ಮೀಟರಿಗೆ ಹಿಡಿದ ಸೆಕೆಂಡು ಬರೆದಿಡಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಎದ್ದಿತು ಎಂಬುದನ್ನೂ ಬರೆಯಿರಿ. ಎದುರಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ ತೆಗೆಯಿರಿ, ಅದೇ ಶೂ, ಅದೇ ಜಾಗ. 12 ವಾರ ತಪ್ಪದೆ ಮಾಡಿದರೂ ಲೆಕ್ಕ ಕದಲದಿದ್ದರೆ ಆ ಹಾಳೆ, ವಿಡಿಯೋ ಎರಡನ್ನೂ ಫಿಸಿಯೋಥೆರಪಿಸ್ಟರ ಮುಂದಿಡಿ. ಭಾರ ಸಾಲದೇ, ಎಎಫ್‌ಓ ಅಡ್ಡಿಯೇ, ಸ್ನಾಯು ಗಿಡ್ಡವೇ ಎಂದು ಅವರು ಹುಡುಕಲು ಅಲ್ಲಿಂದ ಶುರು ಮಾಡಬಹುದು.